ಅಂಡರ್‌ಪಾಸಿನ ಆಚೆ

ಹೆಸರು ಕೂಗಿದಾಗ ಎದ್ದು ನಿಲ್ಲಬೇಕೋ, ಕೂತಲ್ಲಿಂದಲೇ ಕೈ ಎತ್ತಿದರೆ ಸಾಕೋ ಎಂಬುದು ಶಾಮಲಾಗೆ ತೀರ್ಮಾನವಾಗಲಿಲ್ಲ. ಪಂಚಾಯಿತಿ ಕಚೇರಿಯ ಪಡಸಾಲೆಯಲ್ಲಿ ಗೋಡೆಗೆ ತಾಗಿಸಿಟ್ಟ ಉದ್ದನೆಯ ಬೆಂಚಿನ ತುದಿಯಲ್ಲಿ ಅವಳು ಕೂತಿದ್ದಳು. ಒಂದು ಜಾಗ ಬಿಟ್ಟು ಒಂದು ಜಾಗಕ್ಕೆ ಹಳದಿ ಬಣ್ಣದ ಅಡ್ಡಗೆರೆ ಎಳೆದು, ಅಲ್ಲಿ ಕೂರಬಾರದು ಎಂದು ಗುರುತು ಮಾಡಿದ್ದರು. ಜನ ಗುರುತಿನ ಮೇಲೂ ಕೂತು, ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು, ಖಾತೆ ಬದಲಾವಣೆಯ ಮಾತಾಡುತ್ತಿದ್ದರು. ಶಾಮಲಾ ಮಾತ್ರ ಮಾಸ್ಕನ್ನು ಕಣ್ಣಿನ ಬುಡದವರೆಗೆ ಎಳೆದುಕೊಂಡಿದ್ದಳು. ಈ ರೋಗದಿಂದ ತನಗಾದ ಅನುಕೂಲ ಇದೊಂದೇ ಎಂದು ಅನ್ನಿಸಿತು. ಅನ್ನಿಸಿದ್ದು ಒಳಗೆ ಏನನ್ನೂ ಕದಲಿಸದೆ ಹಾಗೇ ಇತ್ತು. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಪೋಸ್ಟರಿತ್ತು. ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ತುದಿ. ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತಾಗ ಬೆರಳ ಸಂದಿನ ಬಿರುಕುಗಳು ತಾವಾಗಿಯೇ ಮುಚ್ಚಿಕೊಂಡಿದ್ದವು. ಈಗ ಮತ್ತೆ ಫ್ಲ್ಯಾಟಿನ ಕೆಲಸ ಶುರುವಾಗಿ, ಸೋಪಿನ ನೀರಿಗೆ ಒಂದೊಂದಾಗಿ ಬಾಯಿ ಬಿಡುತ್ತಿದ್ದವು.

ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕದಿರಮ್ಮ ಕೂತಿದ್ದಳು. ಒಳಗೆ ಬೆಂಚಿನಲ್ಲಿ ಜಾಗವಿತ್ತು. ಕದಿರಮ್ಮನಿಗೆ ಇವತ್ತು ಇಲ್ಲಿ ಏನೂ ಕೆಲಸವಿರಲಿಲ್ಲ. ಅವಳ ಎರಡು ಸಾವಿರ ರೂಪಾಯಿ ಆಗಲೇ ಬ್ಯಾಂಕಿಗೆ ಬಂದಿತ್ತು. ಶಾಮಲಾಳ ಅರ್ಜಿ ವಾಪಸು ಬಂದಿದೆ ಎಂದು ತಿಳಿದದ್ದೇ, "ನಡೀರಿ ನಾನೂ ಬತ್ತೀನಿ. ಒಂದು ಮಾತು ಹೇಳದ್ರೆ ಮುಗೀತು. ಅಲ್ಲಿಂದ್ಲೇ ಕೆಲ್ಸಕ್ಕೋಗಣ," ಎಂದು ಹೊರಟು ಬಂದಿದ್ದಳು. ಆ ಒಂದು ಮಾತು ಯಾವುದು ಎಂದು ಶಾಮಲಾ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ದಾರಿಯುದ್ದಕ್ಕೂ ಆ ಮಾತು ಇಬ್ಬರ ನಡುವೆ ಮೂರನೆಯವರಂತೆ ನಡೆದು ಬಂದಿತ್ತು.

ಎರಡನೇ ಅಲೆಯಲ್ಲಿ ಕೆಲಸ ನಿಂತುಹೋದವರಿಗೆ ಸರ್ಕಾರ ಎರಡು ಸಾವಿರ ಕೊಡುತ್ತದೆ ಎಂದು ಟೀವಿಯಲ್ಲಿ ಬಂದಾಗ, ಮಗಳು ಸಿಂಚನ ಮೊಬೈಲಿನಲ್ಲಿ ಪಟ್ಟಿ ಓದಿದ್ದಳು. ಕ್ಷೌರಿಕರು, ಅಗಸರು, ದರ್ಜಿಗಳು, ಚಮ್ಮಾರರು, ಕುಂಬಾರರು, ಮೆಕ್ಯಾನಿಕ್ಕುಗಳು, ಮನೆಗೆಲಸದವರು. ಕೊನೆಯದನ್ನು ಓದುವಾಗ ಅವಳ ದನಿ ತಗ್ಗಿತು. ಒಳಕೋಣೆಯಲ್ಲಿ ಅಜ್ಜಿ ಅಂಜಿನಮ್ಮ ಮಲಗಿದ್ದಳು. ಅಂಜಿನಮ್ಮನಿಗೆ ಸೊಸೆ ಕೆಲಸಕ್ಕೆ ಹೋಗುವುದು ಗೊತ್ತಿತ್ತು, ಯಾವ ಕೆಲಸವೆಂದು ಗೊತ್ತಿರಲಿಲ್ಲ. ಊರಿಗೂ ಅಷ್ಟೇ. ಶಾಮಲಾಳ ಗಂಡ ಟೀ ಅಂಗಡಿಯ ಮುಂದೆ, "ನಮ್ಮನೆಯವಳು ಅಪಾರ್ಟ್‌ಮೆಂಟ್ ಆಫೀಸಲ್ಲವಳೆ, ಮೇಂಟೆನೆನ್ಸ್ ನೋಡ್ಕೊತಾಳೆ," ಎನ್ನುತ್ತಿದ್ದ. ಮೊದಮೊದಲು ಹಾಗಂದು ಮನೆಗೆ ಬಂದಾಗ ಅವನು ಅವಳ ಮುಖ ತಪ್ಪಿಸುತ್ತಿದ್ದ. ಆಮೇಲೆ ಅವನಿಗೇ ನಂಬಿಕೆ ಬಂದಹಾಗಿತ್ತು. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ, "ನಿಮ್ಮಾಫೀಸಿಗೆ ಭಾನುವಾರ ರಜಾ ಇಲ್ವಾ?" ಎಂದು ಕೇಳಿದ. ಅವಳು "ಇಲ್ಲ" ಎಂದು ಮುದ್ದೆ ಬಡಿಸಿದ್ದಳು. ಜಮೀನು ಕೈಗಾರಿಕೆಗೆ ಹೋದ ದುಡ್ಡಿನಲ್ಲಿ ಕಟ್ಟಿದ ಮನೆಗೆ ಮಹಡಿಯಿತ್ತು, ಮಹಡಿಗೆ ಸ್ಟೀಲಿನ ಕಟಕಟೆಯಿತ್ತು. ಉಳಿದದ್ದರಲ್ಲಿ ಅವನು ತಗೊಂಡ ಟಿಪ್ಪರು ಮಾರಿಹೋಗಿತ್ತು. ಲಾಕ್‌ಡೌನಿನಲ್ಲಿ ಸಿಲಿಂಡರು ಮುಗಿದ ಮೇಲೆ ಅವಳು ಬಚ್ಚಲಮನೆಯ ಹಂಡೆಯ ಒಲೆಯಲ್ಲಿ ಅಡುಗೆ ಮಾಡಿದಳು. ಹೊಗೆ ಹೊರಗೆ ಕಂಡರೂ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ ಎಂಬುದು ಅನುಕೂಲವಾಗಿತ್ತು. ಫ್ಲ್ಯಾಟಿನ ಮೇಡಂ ಮೊದಲ ತಿಂಗಳು ಅರ್ಧ ಸಂಬಳ ಹಾಕಿ, ಆಮೇಲೆ ಫೋನಿನಲ್ಲಿ "ಪರಿಸ್ಥಿತಿ ಗೊತ್ತಲ್ಲ" ಎಂದಿದ್ದರು. ಅಂಜಿನಮ್ಮನ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡುವಾಗ, ಮುದುಕಿಗೆ ಗೊತ್ತಾಗದಂತೆ ನಡುವಿನ ದಿನ ಅವಳು ಬರೀ ನೀರು ಕೊಡುತ್ತಿದ್ದಳು. "ಮಾತ್ರೆ ನುಂಗ್ದೆ ಅಲ್ವೇನೇ?" ಎಂದು ಅಂಜಿನಮ್ಮ ಕೇಳುತ್ತಿದ್ದಳು. "ನುಂಗಿದ್ರಿ ಅತ್ತೆ." ಈ ಸುಳ್ಳಿಗೆ ಅವಳ ಎದೆ ಬಡಿದುಕೊಳ್ಳಲಿಲ್ಲ. ಬಡಿದುಕೊಳ್ಳುತ್ತದೇನೋ ಎಂದು ಒಂದೆರಡು ಸಲ ಕಾದು ನೋಡಿದ್ದಳು.

ಕೆಲಸ ಕೊಡಿಸಿದ್ದು ಕದಿರಮ್ಮ. ಹಿಂದೆ ಇವರ ಮನೆಯಲ್ಲಿ ದನಗಳಿದ್ದಾಗ ಕೊಟ್ಟಿಗೆ ಬಾಚಲು ಬರುತ್ತಿದ್ದವಳು. ದನ ಹೋದ ಮೇಲೆ ಬರುವುದು ನಿಂತಿತ್ತು. ಅವಳು ಬರುತ್ತಿದ್ದ ಕಾಲಕ್ಕೆ ಶಾಮಲಾ ಹೊಸ ಮದುವಣಗಿತ್ತಿ. ಹಿತ್ತಲ ಬಾಗಿಲಲ್ಲಿ ಕದಿರಮ್ಮ ಬಗ್ಗಿ ಬೊಗಸೆ ಒಡ್ಡಿದರೆ, ಅತ್ತೆ ಹೊಸ್ತಿಲೊಳಗೆ ನಿಂತು ಚೊಂಬಿನಿಂದ ನೀರು ಬಿಡುತ್ತಿದ್ದಳು. ಕೈಗೂ ಚೊಂಬಿಗೂ ನಡುವೆ ನೀರು ಒಂದು ಹುರಿಯ ಹಾಗೆ ಇಳಿಯುತ್ತಿತ್ತು. ಕುಡಿದು ಸಾಕಾದಾಗ ಕದಿರಮ್ಮ ಬಾಯಲ್ಲಿ ಹೇಳುತ್ತಿರಲಿಲ್ಲ, ತಲೆಯನ್ನು ಸ್ವಲ್ಪ ಮೇಲೆತ್ತುತ್ತಿದ್ದಳು. ಅತ್ತೆ ಇಲ್ಲದ ದಿನ ಶಾಮಲಾಳೇ ನೀರು ಬಿಟ್ಟಿದ್ದಳು, ತಲೆ ಎತ್ತುವುದನ್ನು ಕಾಯಲು ಬಲು ಬೇಗ ಕಲಿತಿದ್ದಳು. ಅದೇ ಹಿತ್ತಲ ಬಾಗಿಲಲ್ಲಿ ನಿಂತು, ಎರಡು ವರ್ಷದ ಹಿಂದೆ, ದಾರಿಯಲ್ಲಿ ಹೋಗುತ್ತಿದ್ದ ಕದಿರಮ್ಮನನ್ನು ತಡೆದು, ನೀನು ಹೋಗುವ ಕಡೆ ನನಗೂ ಏನಾದರೂ ಸಿಗುತ್ತದಾ ಎಂದು ಕೇಳಿದ್ದಳು. ಕದಿರಮ್ಮ ಆಶ್ಚರ್ಯಪಡಲಿಲ್ಲ, ಕನಿಕರಪಡಲೂ ಇಲ್ಲ. "ನಾಳೆ ಬೆಳಗ್ಗೆ ಸ್ಟಾಪ್ ತಾವ ಬನ್ನಿ ಅಮ್ಮಾರೆ," ಎಂದಳು.

ಕುಂದಾಣದ ಕಡೆಯಿಂದ ಬರುವ ಶೇರ್ ಆಟೊ ಹೈವೇ ಕೆಳಗಿನ ಅಂಡರ್‌ಪಾಸನ್ನು ದಾಟಿ ಅಪಾರ್ಟ್‌ಮೆಂಟುಗಳ ಕಡೆ ತಿರುಗುತ್ತದೆ. ಆ ಮೊದಲ ದಿನ, ಅಂಡರ್‌ಪಾಸಿನ ಕತ್ತಲು ಕಳೆದು ಆಚೆ ಬದಿಯ ಬಿಸಿಲು ಮುಖಕ್ಕೆ ಬಡಿದಾಗ, ಕದಿರಮ್ಮ ಅವಳ ಮೊಣಕೈ ತಟ್ಟಿ, "ಇಳಿಯೇ ಶಾಮಲಾ," ಎಂದಿದ್ದಳು. ಯಾರೋ ಬಟ್ಟೆ ಕಳಚಿದಂತೆ ಶಾಮಲಾಳ ಮೈ ತಣ್ಣಗಾಗಿತ್ತು. ಗೇಟಿನ ಹತ್ತಿರ ಕದಿರಮ್ಮ ಪಿಸುಗುಟ್ಟಿ ಕಾರಣ ಹೇಳಿದಳು: "ಇಲ್ಲಿ ಅಮ್ಮಾರೆ ಅಂದ್ರೆ ಸೆಕ್ಯೂರಿಟಿಯೋರು ನಗ್ತಾರೆ ಕಣೇ. ನೀನೂ ಅಕ್ಕ ಅನ್ನು." ಸಂಜೆ ವಾಪಸು ಬರುವಾಗ, ಅಂಡರ್‌ಪಾಸಿನ ಈಚೆ ಬದಿಗೆ ಬಂದದ್ದೇ, "ಸೆರಗು ಸಿಕ್ಕಂಡದೆ ನೋಡ್ಕಳಿ ಅಮ್ಮಾರೆ," ಎಂದಳು. ಅದೇ ನಿಯಮವಾಯಿತು. ಯಾರೂ ಅದನ್ನು ಮಾತಾಡಿ ಮಾಡಿಕೊಳ್ಳಲಿಲ್ಲ. 'ಕದಿರಕ್ಕ' ಎನ್ನಲು ಶಾಮಲಾಗೆ ತಿಂಗಳು ಹಿಡಿಯಿತು. ಒಂಬತ್ತನೇ ಮಹಡಿಯ ಒಂದೇ ಫ್ಲ್ಯಾಟಿನಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ಕದಿರಮ್ಮ ನೆಲ ಒರೆಸುತ್ತಿದ್ದಳು. ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೆಲಸದವರಿಗೆಂದು ಒಂದು ಸ್ಟೀಲು ಲೋಟ ಬೇರೆ ಇಟ್ಟಿದ್ದರು. ಅದನ್ನು ಕಂಡ ತಕ್ಷಣ ಅದು ಯಾವ ಲೋಟವೆಂದು ಶಾಮಲಾಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಇಬ್ಬರಿಗೂ ಒಂದೇ ಲೋಟ. ಕದಿರಮ್ಮ ಕುಡಿದು ಕೊಟ್ಟದ್ದನ್ನು ತೊಳೆಯದೆ ಕುಡಿದ ದಿನ ಯಾವುದೆಂದು ಅವಳಿಗೆ ನೆನಪಿಲ್ಲ. ನೆನಪಿಲ್ಲದಿರುವುದು ಒಳ್ಳೆಯದೆಂದು ಅಂದುಕೊಂಡಿದ್ದಳು.

"ಖಾತಾ ವಿಷಯ ಮಧ್ಯಾಹ್ನ. ಮೊದ್ಲು ಕೋವಿಡ್ ಅರ್ಜಿಯೋರು ಬನ್ನಿ," ಎಂದು ಒಳಗಿನಿಂದ ಕೂಗಿದರು. ಯಾರೂ ಏಳಲಿಲ್ಲ. ಕೋವಿಡ್ ಅರ್ಜಿಯವಳು ತಾನೊಬ್ಬಳೇ ಎಂದು ಶಾಮಲಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಿಂದಿನ ಸಲ ಹೀಗಿರಲಿಲ್ಲ. ಆಗ ಅವಳು ಬೆಂಚಿನ ಮೇಲೆ ಕೂರಲೇ ಇಲ್ಲ. ಗಂಡನ ದಾಯಾದಿ ಅಣ್ಣ, ವಾರ್ಡಿನ ಮೆಂಬರು ಅಪ್ಪಯ್ಯಣ್ಣ, ಅವಳನ್ನು ಬಾಗಿಲಲ್ಲೇ ನೋಡಿ ಒಳಗೆ ಕರೆದು ಕುರ್ಚಿ ಹಾಕಿಸಿದ್ದ. ಅವಳ ಕೈಯಲ್ಲಿದ್ದ ಅರ್ಜಿಯಲ್ಲಿ ಉದ್ಯೋಗ ಎಂಬ ಕಡೆ ಸಿಂಚನ ಗುಂಡಗೆ 'ಮನೆಗೆಲಸ' ಎಂದು ಬರೆದಿದ್ದಳು. ಅಪ್ಪಯ್ಯಣ್ಣ ಕನ್ನಡಕವನ್ನು ಹಣೆಗೇರಿಸಿ ಓದಿದ. ಓದಿ, ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಕೋಪವಿರಲಿಲ್ಲ. ಸೀರೆಗೆ ಏನೋ ಅಂಟಿರುವುದನ್ನು ಕಂಡೂ ಹೇಳಲಾಗದವರ ಸಂಕೋಚವಿತ್ತು.

"ಮಗು ಏನೋ ತಪ್ಪು ಬರ್ದದೆ ಕಣಮ್ಮ," ಎಂದ. "ಮನೆಗೆಲ್ಸ ಅಂದ್ರೆ ಎಲ್ರೂ ಅವರವರ ಮನೇಲಿ ಮಾಡದೇ. ನಿಮ್ಮನೇಲಿ ಹೊಲಿಯೋ ಮಿಷನ್ ಅದಲ್ಲ, ನಿಮ್ಮಪ್ಪ ಮದ್ವೇಲಿ ಕೊಟ್ಟಿದ್ದು?"

"ಅದೆ ಭಾವ."

"ಮತ್ತೆ? ಟೈಲರ್‌ಗೂ ಅಷ್ಟೇ ದುಡ್ಡು ಬತ್ತದೆ. ಟೈಲರ್ ಅಂತ ಬರಿ."

ಬೇರೆ ಹಾಳೆ ಬರೆದರು. ಅಪ್ಪಯ್ಯಣ್ಣನೇ ಮನೆಗೆ ಬಂದು, ಮಿಷನ್ ಮೇಲೆ ಪೇರಿಸಿದ್ದ ರಾಗಿ ಚೀಲ ಇಳಿಸಿ, ಅವಳನ್ನು ಕೂರಿಸಿ ಫೋಟೊ ಹಿಡಿದ. ಮಿಷನ್ನಿನ ಬೆಲ್ಟು ಎಂದೋ ಹರಿದುಹೋಗಿತ್ತು. ಬೆಲ್ಟಿಲ್ಲದ ಮಿಷನ್ನಿನ ಪೆಡಲಿನ ಮೇಲೆ ಕಾಲಿಟ್ಟು, ಹಳೆಯ ದಿಂಬಿನ ಚೀಲವೊಂದನ್ನು ಸೂಜಿಯ ಕೆಳಗೆ ಹಿಡಿದು ಅವಳು ಕ್ಯಾಮೆರಾ ನೋಡಿದ್ದಳು. ಆ ಫೋಟೊದಲ್ಲಿ ತಾನು ನಿಜಕ್ಕೂ ದರ್ಜಿಯಂತೆ ಕಾಣುವುದನ್ನು ಗಮನಿಸಿದ್ದಳು. ಅದೇ ದಿನ ಕದಿರಮ್ಮನೂ ಅರ್ಜಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ಕೆಲಸ ಕೊಟ್ಟವರ ಸಹಿ ಬೇಕಾಗಿತ್ತು. ಅಪಾರ್ಟ್‌ಮೆಂಟಿನವರು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದಿದ್ದರು. ಗೇಟಿನೊಳಗೆ ಬಿಡುತ್ತಲೂ ಇರಲಿಲ್ಲ. ಅಪ್ಪಯ್ಯಣ್ಣ ಇದಕ್ಕೂ ದಾರಿ ಕಂಡುಹಿಡಿದ. "ಲೇ ಕದ್ರಿ, ಯಾಕೆ ಅವರ ಕಾಲು ಹಿಡೀತೀಯ? ನಮ್ಮ ಶಾಮಲನ ಮನೇಲಿ ಹಟ್ಟಿ ಬಾಚ್ತಿರ್ಲಿಲ್ವಾ ನೀನು? ಅವಳೇ ಮಾಲೀಕಳು. ಹಾಕಮ್ಮ ಸೈನು." ಅಲ್ಲಿದ್ದವರೆಲ್ಲ ಇದು ಸರಿ ಎಂದು ತಲೆದೂಗಿದರು. ಎರಡು ಕುಟುಂಬಕ್ಕೂ ಅನುಕೂಲ ಮಾಡಿಕೊಟ್ಟ ತೃಪ್ತಿ ಅವನ ದನಿಯಲ್ಲಿತ್ತು. ಶಾಮಲಾ ಪೆನ್ನು ಹಿಡಿದು, ಈ ಹೆಂಗಸು ನನ್ನ ಮನೆಯಲ್ಲಿ ಕೆಲಸಕ್ಕಿದ್ದಾಳೆ ಎಂಬುದರ ಕೆಳಗೆ ತನ್ನ ಹೆಸರನ್ನೂ ಆಧಾರ್ ಸಂಖ್ಯೆಯನ್ನೂ ಬರೆದಳು. ಕದಿರಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು. ಆಚೆ ಬಂದ ಮೇಲೆ, ಯಾರೂ ಇಲ್ಲದಿದ್ದಾಗ, ನಗೆ ತಡೆಯಲಾರದೆ, "ಟೈಲರಮ್ಮಾರೆ, ನಂಗೊಂದು ರವಿಕೆ ಹೊಲ್ಕೊಡಿ. ಸಂಬಳದಾಗೆ ಹಿಡ್ಕಳಿವ್ರಂತೆ," ಎಂದಿದ್ದಳು. ಇಬ್ಬರೂ ನಕ್ಕಿದ್ದರು. ಲಾಕ್‌ಡೌನಿನಲ್ಲಿ ತಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಈಗ ಒಳಗೆ ಮೇಜಿನ ಹಿಂದಿದ್ದ ಪಿಡಿಒ ಅರ್ಪಿತ ಹೊಸದಾಗಿ ಬಂದವಳು, ಸಿಂಚನಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಂಪ್ಯೂಟರಿನ ಪರದೆಯನ್ನು ಶಾಮಲಾಳ ಕಡೆ ತಿರುಗಿಸಿ, ಮತ್ತೆ ತನ್ನ ಕಡೆಗೇ ತಿರುಗಿಸಿಕೊಂಡಳು. ಪಕ್ಕದ ಕುರ್ಚಿಯಲ್ಲಿ ಅಪ್ಪಯ್ಯಣ್ಣ ಟೀ ಕುಡಿಯುತ್ತಿದ್ದ. ಶಾಮಲಾಳಿಗೆ ಈ ಸಲ ಕುರ್ಚಿ ಹಾಕಲಿಲ್ಲ. ಅಪ್ಪಯ್ಯಣ್ಣನಿಗೆ ಅದು ಹೊಳೆದಿರಲಿಕ್ಕಿಲ್ಲ.

"ಅಮ್ಮ, ನಿಮ್ಮದು ಯಾಕೆ ರಿಜೆಕ್ಟ್ ಆಗಿದೆ ಗೊತ್ತಾ?" ಅರ್ಪಿತ ಕೇಳಿದಳು. "ನೀವು ಬಿಪಿಎಲ್ ಕಾರ್ಡು ಕೊಟ್ಟಿದೀರ. ಇನ್ನೊಂದು ಅರ್ಜೀಲಿ ಮನೆಗೆಲಸದೋರನ್ನ ಇಟ್ಕೊಂಡಿದೀನಿ ಅಂತ ನೀವೇ ಸೈನ್ ಹಾಕಿದೀರ. ಎರಡೂ ಕಡೆ ಅದೇ ಆಧಾರ್ ನಂಬರು. ಆಳು ಇಟ್ಕೊಂಡಿರೋರಿಗೆ ಪರಿಹಾರ ಯಾಕೆ ಅಂತ ಮೇಲಿಂದ ಕೇಳಿದಾರೆ."

"ಅಯ್ಯೋ, ಅದು ಹಂಗಲ್ಲ ಮೇಡಂ," ಎಂದ ಅಪ್ಪಯ್ಯಣ್ಣ. "ಅದೆಲ್ಲ ಹಳೇ ಕಾಲದ್ದು. ಊರಲ್ಲಿ ಒಬ್ರಿಗೊಬ್ರು ಆಗ್ತಾರೆ."

"ಊರಲ್ಲಿ ಆಗ್ತಾರೆ ಸರ್. ಕಂಪ್ಯೂಟರಲ್ಲಿ ಆಗಲ್ಲ. ಅಮ್ಮ, ಸರಿ ಮಾಡೋಕೆ ಇವತ್ತೇ ಕೊನೆ. ನೀವು ನಿಜ ಏನು ಕೆಲಸ ಮಾಡ್ತೀರ ಹೇಳಿ, ಇಲ್ಲೇ ಬರ್ಕೊಡಿ. ನಾನು ತಿದ್ದಿ ಕಳಿಸ್ತೀನಿ."

ನಿಜ ಏನು ಕೆಲಸ. ಪ್ರಶ್ನೆ ಸರಳವಾಗಿತ್ತು, ಕೇಳಿದ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. ಪಡಸಾಲೆಯಲ್ಲಿ ಖಾತೆಯ ಮಾತು ನಿಂತಿತ್ತು. ನಿಂತಿತೆಂದು ಅವಳಿಗೆ ಬೆನ್ನಿನಲ್ಲಿ ತಿಳಿಯಿತು. ಟೀ ಲೋಟದ ಅಂಚಿನಲ್ಲಿ ಒಂದು ನೊಣ ಕೂತು ಕೂತು ಏಳುತ್ತಿತ್ತು. ಅಂಚಿಗೆ ಅಂಟಿದ ಕೆನೆ ಒಣಗಿದರೆ ಬರೀ ಸೋಪಿಗೆ ಹೋಗುವುದಿಲ್ಲ, ಉಗುರಿನಲ್ಲಿ ಕೆರೆಯಬೇಕು ಎಂದು ಅವಳಿಗೆ ಅನ್ನಿಸಿತು. ಅದೇ ಉತ್ತರ. ಬಾಯಿ ಬಿಟ್ಟರೆ ಅದು ಬಂದುಬಿಡುತ್ತದೆ. ಹೇಳಿದರೆ ಏನಾಗುತ್ತದೆ? ಸಂಜೆಯೊಳಗೆ ಟೀ ಅಂಗಡಿಗೆ ತಲುಪುತ್ತದೆ. ಗಂಡ ಬೈಯುವುದಿಲ್ಲ, ಬೈಯುವ ಶಕ್ತಿ ಅವನಲ್ಲಿಲ್ಲ. ಮಹಡಿಯ ಕಟಕಟೆ ಹಿಡಿದು ನಿಲ್ಲುತ್ತಾನೆ. ಅತ್ತೆ, ಯಾರ ಮನೆ ಎಂಜಲು ತೊಳೆದ ಕೈಯಲ್ಲಿ ನನಗೆ ನೀರು ಕೊಟ್ಟೆ ಎಂದು ಕೇಳುತ್ತಾಳೆ. ಹೇಳದಿದ್ದರೆ ಎರಡು ಸಾವಿರ ಹೋಗುತ್ತದೆ, ಅಂದರೆ ಸಿಲಿಂಡರು, ಅಂದರೆ ಮಾತ್ರೆ. ಎರಡನ್ನೂ ಅವಳು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಎರಡೂ ಬೇರೆ ಯಾರದೋ ಸಾಮಾನಿನ ಹಾಗೆ ಕಂಡವು.

"ನಾನೇಳ್ತೀನಿ ಮೇಡಂ." ಕದಿರಮ್ಮ ಬಾಗಿಲಿಗೆ ಬಂದಿದ್ದಳು. ಬಾಗಿಲ ಚೌಕಟ್ಟಿಗೆ ಕೈಯಿಟ್ಟಿದ್ದಳು, ಹೊಸ್ತಿಲು ದಾಟಿರಲಿಲ್ಲ. "ಇವ್ರೇನು ಟೈಲರಲ್ಲ, ನಂಗೆ ಮಾಲೀಕ್ರೂ ಅಲ್ಲ. ನಾವಿಬ್ರೂ ಒಂದೇ ಕಡೆ ಕೆಲ್ಸ ಮಾಡದು. ಹೈವೇ ಆಚೆ, ಫ್ಲ್ಯಾಟಲ್ಲಿ. ಇವ್ರು ಪಾತ್ರೆ ಬೆಳಗ್ತಾರೆ, ನಾನು ನೆಲ ಒರೆಸ್ತೀನಿ."

ಯಾರೋ ಒಬ್ಬರು ಕೆಮ್ಮಿದರು. ಈಗಿನ ದಿನಗಳಲ್ಲಿ ಕೆಮ್ಮಿದವರ ಕಡೆ ಎಲ್ಲರೂ ತಿರುಗಿ ನೋಡುತ್ತಾರೆ. ಇಲ್ಲಿ ಯಾರೂ ನೋಡಲಿಲ್ಲ. ಎಲ್ಲರೂ ಶಾಮಲಾಳನ್ನು ನೋಡಿದರು. ಅಪ್ಪಯ್ಯಣ್ಣ ಲೋಟವನ್ನು ಕೆಳಗಿಟ್ಟ.

"ಏ ಕದ್ರಿ, ಬಾಯಿ ಅಳತೇಲಿ ಇರ್ಲಿ. ಯಾರ ಮನೆ ಸೊಸೆ ಬಗ್ಗೆ ಮಾತಾಡ್ತಿದೀಯ ಗೊತ್ತೇನು?"

"ಗೊತ್ತು ಕಣಣ್ಣ. ಅದ್ಕೇ ಹೇಳಿದ್ದು. ಕಷ್ಟದಾಗವ್ರೆ ಅಂತ."

ಅರ್ಪಿತ ಪೆನ್ನಿನ ತುದಿಯನ್ನು ಮೇಜಿಗೆ ಒತ್ತಿದಳು. "ನೋಡಮ್ಮ, ಅವರು ಮಾಲೀಕರಲ್ಲ ಅಂದ್ರೆ ನಿಮ್ಮ ಸರ್ಟಿಫಿಕೇಟೂ ಸುಳ್ಳಾಗತ್ತೆ. ಬಂದಿರೋ ದುಡ್ಡು ವಾಪಸ್ ಕಟ್ಬೇಕಾಗ್ಬೋದು. ಯೋಚ್ನೆ ಮಾಡಿ ಹೇಳಿ."

"ಕಟ್ಟನ ಬಿಡಿ," ಎಂದಳು ಕದಿರಮ್ಮ. ಹೇಳುವ ಮೊದಲು ಒಂದು ಕ್ಷಣ ನಿಂತಿದ್ದಳು. ಆ ಒಂದು ಕ್ಷಣವನ್ನು ಶಾಮಲಾ ಗಮನಿಸಿದಳು.

ಅರ್ಪಿತ ಶಾಮಲಾಳ ಕಡೆ ತಿರುಗಿದಳು. "ಇವರು ಹೇಳಿದ್ದು ನಿಜಾನಾ?"

"ಇಲ್ಲ," ಎಂದಳು ಶಾಮಲಾ. ಮಾಸ್ಕಿನೊಳಗೆ ಅದು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮಾಸ್ಕನ್ನು ಸ್ವಲ್ಪ ಕೆಳಗೆಳೆದು ಮತ್ತೆ ಹೇಳಿದಳು. "ಇಲ್ಲ ಮೇಡಂ. ಅವಳು ನಮ್ಮನೇಲಿ ಕೆಲಸಕ್ಕಿದ್ದೋಳು. ಹಟ್ಟಿ ಬಾಚೋಕೆ ಬರ್ತಿದ್ಲು."

ದನಿ ತನ್ನದೇ. ಅತ್ತೆಯ ದನಿಗೆ ಇಷ್ಟು ಹತ್ತಿರವಿದೆಯೆಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ. ಅಪ್ಪಯ್ಯಣ್ಣ ಉಸಿರುಬಿಟ್ಟು ನಕ್ಕು, "ಪಾಪ, ಒಳ್ಳೇದಕ್ಕೇ ಹೇಳಕ್ಕೋದ್ಳು ಬಿಡಿ, ಇಷ್ಟು ವರ್ಷ ಉಪ್ಪು ತಿಂದವ್ಳೆ," ಎಂದ. ಪಡಸಾಲೆಯಲ್ಲಿ ಖಾತೆಯ ಮಾತು ಮತ್ತೆ ಶುರುವಾಯಿತು. ಅರ್ಪಿತ ಪರದೆಯ ಮೇಲೆ ಏನನ್ನೋ ಒತ್ತಿ, "ಹಾಗಾದ್ರೆ ಏನೂ ಮಾಡಕ್ಕಾಗಲ್ಲ ಅಮ್ಮ," ಎಂದಳು. ಕದಿರಮ್ಮನ ದುಡ್ಡು ಉಳಿಯಲಿ ಎಂದೇ ಹಾಗೆ ಹೇಳಿದೆ ಎಂದು ಮೆಟ್ಟಿಲಿಳಿಯುವಾಗ ಶಾಮಲಾಗೆ ಹೊಳೆಯಿತು. ಒಳ್ಳೆಯ ಕಾರಣ. ಯಾರು ಕೇಳಿದರೂ ಒಪ್ಪುವಂಥದ್ದು. ಆದರೆ ಅದು ಮೆಟ್ಟಿಲ ಮೇಲೆ ಹೊಳೆದದ್ದು, ಮೇಜಿನ ಮುಂದೆ ಅಲ್ಲ.

ಶೇರ್ ಆಟೊದಲ್ಲಿ ಇಬ್ಬರೂ ಎದುರುಬದುರು ಕೂತರು. ಕದಿರಮ್ಮ ಹೊರಗೆ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿತ್ತೆಂದು ಹೇಳುವಂತಿರಲಿಲ್ಲ. ದ್ರಾಕ್ಷಿ ತೋಟದ ಚಪ್ಪರ, ಮುಚ್ಚಿದ ಚೌಟ್ರಿ, ಸೈಟುಗಳ ಕಲ್ಲು ನೆಟ್ಟ ಬಯಲು. ಇಲ್ಲಿ ಮಾತಾಡುವುದು ಬೇಡ, ಇದು ಈಚೆ ಬದಿ, ಅಂಡರ್‌ಪಾಸು ದಾಟಲಿ ಎಂದು ಶಾಮಲಾ ಕಾದಳು. ಅಲ್ಲಿ ಅವಳು ಬೈಯುತ್ತಾಳೆ. ಏನೇ ಹಂಗಂದ್ಬಿಟ್ಟೆ ಎನ್ನುತ್ತಾಳೆ. ಬೈದರೆ ತಾನು ಸುಮ್ಮನೆ ಕೇಳಿಸಿಕೊಳ್ಳಬಹುದು. ಕೇಳಿಸಿಕೊಂಡರೆ ಒಳಗೆ ಎಲ್ಲೋ ಏನೋ ಸಡಿಲವಾಗಬಹುದು. ಆಟೊ ಕತ್ತಲಿಗೆ ಇಳಿಯಿತು. ತಲೆಯ ಮೇಲೆ ಲಾರಿಗಳ ಸದ್ದು ಉರುಳಿತು. ಆಚೆಯ ಬಿಸಿಲು ಬಂದು ಕದಿರಮ್ಮನ ಮೊಣಕಾಲಿನ ಮೇಲೆ, ಆಮೇಲೆ ಮುಖದ ಮೇಲೆ ಬಿತ್ತು.

"ಕದಿರಕ್ಕ," ಎಂದಳು ಶಾಮಲಾ.

"ಇಳೀರಿ ಅಮ್ಮಾರೆ. ಸ್ಟಾಪ್ ಬಂತು," ಎಂದಳು ಕದಿರಮ್ಮ.

ಗೇಟಿನಲ್ಲಿ ಸೆಕ್ಯೂರಿಟಿಯವನು ಇಬ್ಬರ ಹಣೆಗೂ ಜ್ವರ ನೋಡುವ ಮಿಷನ್ ಹಿಡಿಯಲು ಬಂದ. "ಮೊದ್ಲು ಅಮ್ಮಾರ್ನ ನೋಡಪ್ಪ," ಎಂದು ಕದಿರಮ್ಮ ಪಕ್ಕಕ್ಕೆ ಸರಿದಳು. ಅವನು ಯಾರು ಅಮ್ಮಾರು ಎಂಬಂತೆ ಸುತ್ತ ನೋಡಿ ನಕ್ಕ. ಕೆಲಸದವರ ಲಿಫ್ಟಿನಲ್ಲಿ ಕದಿರಮ್ಮ ಮೂಲೆಗೆ ಒತ್ತಿಕೊಂಡು ನಿಂತಳು, ಇಬ್ಬರ ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ವ್ಯಂಗ್ಯವೇ ಎಂದು ಶಾಮಲಾ ಆ ಮುಖದಲ್ಲಿ ಹುಡುಕಿದಳು. ವ್ಯಂಗ್ಯವಾಗಿದ್ದರೆ ಚೆನ್ನಾಗಿತ್ತು. ಲಿಫ್ಟಿನ ಅಂಕಿಗಳು ಒಂದೊಂದಾಗಿ ಕೆಂಪಗೆ ಬೆಳಗಿ ಆರಿದವು.

ಫ್ಲ್ಯಾಟಿನಲ್ಲಿ ನಿನ್ನೆಯ ಪಾತ್ರೆಗಳೂ ಸೇರಿ ಸಿಂಕು ತುಂಬಿತ್ತು. ಮೇಡಂ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಶಾಮಲಾ ಸೋಪು ಹಾಕಿ ಉಜ್ಜಲು ಶುರುಮಾಡಿದಳು. ಬಿರುಕುಗಳಿಗೆ ಸೋಪು ಇಳಿಯಿತು. ಉರಿಯುತ್ತದೆ ಎಂದು ಗೊತ್ತಾಯಿತು, ಅಷ್ಟೇ. ಹಾಲಿನ ನೆಲ ಒರೆಸಿ ಮುಗಿಸಿ ಕದಿರಮ್ಮ ಬಕೆಟ್ಟು ಹಿಡಿದು ಬಂದು, ಕೊಳೆನೀರು ಚೆಲ್ಲಿ, ಸೀರೆಗೆ ಕೈ ಒರೆಸಿಕೊಂಡಳು. ದಿನವೂ ಈ ಹೊತ್ತಿಗೆ ಅವಳು ನೀರು ಕುಡಿಯುತ್ತಾಳೆ. ಕಟ್ಟೆಯ ಮೇಲೆ ಲೋಟವಿತ್ತು. ಶಾಮಲಾ ಅದನ್ನು ತೊಳೆದು, ನೀರು ತುಂಬಿ, ಅವಳ ಕಡೆ ಸರಿಸಿದಳು.

ಕದಿರಮ್ಮ ಲೋಟ ಮುಟ್ಟಲಿಲ್ಲ. ಸಿಂಕಿನ ಪಕ್ಕ ಬಂದು, ಬಗ್ಗಿ, ಎರಡೂ ಕೈ ಕೂಡಿಸಿ ನಲ್ಲಿಯ ಕೆಳಗೆ ಬೊಗಸೆ ಒಡ್ಡಿದಳು.

"ನೀರು ಬಿಡಿ ಅಮ್ಮಾರೆ," ಎಂದಳು.

ನಲ್ಲಿಯ ತಿರುಗಣೆ ಶಾಮಲಾಳ ಕಡೆಗಿತ್ತು. ಸೋಪಿನ ಕೈ ತಾನಾಗಿಯೇ ಅದರ ಮೇಲೆ ಹೋಯಿತು. ಜೋರಾಗದಂತೆ, ಸಿಡಿಯದಂತೆ, ಒಂದು ಹುರಿಯ ಹಾಗೆ ಇಳಿಯುವಷ್ಟು ತಿರುಗಿಸಿತು. ಆ ಅಳತೆ ಕೈಗೆ ಇನ್ನೂ ನೆನಪಿತ್ತು. ಒಳಗಿನ ಕೋಣೆಯಲ್ಲಿ ಮೇಡಂ ಯಾರಿಗೋ ಥ್ಯಾಂಕ್ಯೂ ಹೇಳಿದರು. ಕದಿರಮ್ಮ ನಿಧಾನವಾಗಿ ಕುಡಿಯುತ್ತಿದ್ದಳು. ಶಾಮಲಾ ತಿರುಗಣೆ ಹಿಡಿದು, ಆ ತಲೆ ಮೇಲೇಳುವುದನ್ನು ಕಾಯುತ್ತ ನಿಂತಳು.